ಮರಳಗಾಲದ ಸ್ಪೋಡುಮೀನ್: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇರುವುದನ್ನು ಪರಮಾಣು ಖನಿಜಗಳ ಅನ್ವೇಷಣೆ ಮತ್ತು ಸಂಶೋಧನಾ ನಿರ್ದೇಶನಾಲಯವು ಗುರುತಿಸಿದೆ. ಲಿಥಿಯಂ ನೆಲದಲ್ಲಿ ಲೋಹವಾಗಿ ದೊರೆಯುವುದಿಲ್ಲ. ಇಲ್ಲಿ ಅದು ಮುಖ್ಯವಾಗಿ ಸ್ಪೋಡುಮೀನ್ ಎಂಬ ವಿರಳ ಸಿಲಿಕೇಟ್ ಖನಿಜದಲ್ಲಿ ಅಡಗಿದೆ.

1. ಉಂಟಾದ ಬಗೆ
ಭೂಗರ್ಭದಲ್ಲಿ ಗ್ರಾನೈಟ್ ಶಿಲಾಪಾಕವು ನಿಧಾನವಾಗಿ ತಣಿಯುವಾಗ ಸಾಮಾನ್ಯ ಖನಿಜಗಳು ಮೊದಲು ಹರಳುಗಟ್ಟುತ್ತವೆ. ಅವುಗಳಲ್ಲಿ ಸೇರಿಕೊಳ್ಳದ ಲಿಥಿಯಂ, ಬೆರಿಲಿಯಂ ಮೊದಲಾದ ಧಾತುಗಳು ಉಳಿದ ದ್ರವದಲ್ಲಿ ಸಾಂದ್ರಗೊಳ್ಳುತ್ತವೆ. ಆ ದ್ರವವು ಸುತ್ತಲಿನ ಶಿಲೆಯ ಬಿರುಕುಗಳಿಗೆ ನುಗ್ಗಿ ದೊಡ್ಡ ಹರಳುಗಳ ಪೆಗ್ಮಟೈಟ್ ಶಿಲೆಯಾಗುತ್ತದೆ. ನಾಗಮಂಗಲ ಶಿಸ್ಟ್ ಪಟ್ಟಿಯ ಪ್ರಾಚೀನ ಶಿಲೆಗಳ ನಡುವೆ ಇಂತಹ ಪೆಗ್ಮಟೈಟ್‌ಗಳಿವೆ.

2. ಗುಣಲಕ್ಷಣಗಳು
ಸ್ಪೋಡುಮೀನ್ ಲಿಥಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಬಣ್ಣ ಬಿಳಿ, ಬೂದು ಅಥವಾ ತೆಳು ಹಸಿರು, ಗಡಸುತನ 6.5ರಿಂದ 7, ಸಾಪೇಕ್ಷ ಸಾಂದ್ರತೆ ಸುಮಾರು 3.1ರಿಂದ 3.2. ಬೆಣಚುಕಲ್ಲಿನ ಸಾಂದ್ರತೆ 2.65 ಮಾತ್ರ. ಆದರೂ ಹೊಲದ ಬಿಳಿಗಲ್ಲುಗಳಲ್ಲಿ ಇದನ್ನು ಕಣ್ಣಳತೆಯಿಂದ ಬೇರ್ಪಡಿಸುವುದು ಕಷ್ಟ. ಪ್ರಯೋಗಾಲಯದ ಪರೀಕ್ಷೆಯೇ ನಿರ್ಣಾಯಕ.

ಶುದ್ಧ ಸ್ಪೋಡುಮೀನ್ 100 ಕಿಲೋಗ್ರಾಂ ಇದ್ದರೂ ಅದರಲ್ಲಿರುವ ಲಿಥಿಯಂ 4 ಕಿಲೋಗ್ರಾಂಗಿಂತ ಕಡಿಮೆ. ಅದನ್ನು ಬೇರ್ಪಡಿಸಲು ಸಾಮಾನ್ಯವಾಗಿ ಖನಿಜವನ್ನು 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ ಆಮ್ಲದಿಂದ ಸಂಸ್ಕರಿಸಬೇಕಾಗುತ್ತದೆ. ಆದುದರಿಂದ ಬಿಡಿ ಕಲ್ಲನ್ನು ಸಂಗ್ರಹಿಸುವುದರಿಂದ ರೈತರಿಗೆ ಲಾಭವಿಲ್ಲ.

3. ಅಂಕಿಯ ಅರ್ಥ
ಮರಳಗಾಲ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಸಂಪನ್ಮೂಲವಿದೆ ಎಂದು 2021ರಲ್ಲಿ ಕೇಂದ್ರ ಸರ್ಕಾರವು ತಿಳಿಸಿತು. ಇದು ಸೀಮಿತ ಮಾದರಿಗಳನ್ನು ಆಧರಿಸಿದ ಊಹಿತ ವರ್ಗದ ಅಂದಾಜು. ಲಾಭದಾಯಕವಾಗಿ ಗಣಿಗಾರಿಕೆ ಸಾಧ್ಯವೆಂಬ ಭರವಸೆ ಇದರಲ್ಲಿಲ್ಲ.

4. ಸದಸ್ಯರ ಗಮನಕ್ಕೆ
ಅ) ಗಣಿ ಬರುತ್ತದೆಂಬ ವದಂತಿಯನ್ನು ನಂಬಿ ಜಮೀನು ಮಾರುವ ಇಲ್ಲವೇ ಮುಂಗಡ ಪಡೆಯುವ ಮುನ್ನ ಸಂಬಂಧಪಟ್ಟ ಇಲಾಖೆಯಿಂದ ಲಿಖಿತ ಮಾಹಿತಿ ಪಡೆಯುವಂತೆ ಗ್ರಾಮಸಭೆಯಲ್ಲಿ ತಿಳಿಸುವುದು.
ಆ) ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1957ರನ್ವಯ ಗುತ್ತಿಗೆಯಿಲ್ಲದೆ ಖನಿಜ ತೆಗೆಯುವುದು ಅಪರಾಧ. ಅಂತಹ ಅಗೆತ ಕಂಡುಬಂದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ತಿಳಿಸುವುದು.
ಇ) 2023ರ ತಿದ್ದುಪಡಿಯಂತೆ ಲಿಥಿಯಂ ಗಣಿಗಳನ್ನು ಹರಾಜು ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು, ವರಮಾನ ರಾಜ್ಯ ಸರ್ಕಾರಕ್ಕೆ ಸಲ್ಲುತ್ತದೆ. ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಮುಂದೆ ಗಣಿ ಆರಂಭವಾದಲ್ಲಿ ಈ ನಿಧಿಯಿಂದ ಆಗಬೇಕಾದ ಕಾಮಗಾರಿಗಳನ್ನು ಕೇಳಲು, ಗ್ರಾಮದ ಕೆರೆ, ಕೊಳವೆಬಾವಿ, ಗೋಮಾಳಗಳ ಸ್ಥಿತಿಯನ್ನು ಈಗಲೇ ದಾಖಲಿಸಿಡುವುದು ಸೂಕ್ತ.