ಹೊಂಗೆ ಮರದ ಬುಡದ ನೀಲಿ ಮಾತ್ರೆಗಳು

ಮಳೆ ಬಂದು ನಿಂತ ಒಂದು ಮಧ್ಯಾಹ್ನ ನಮ್ಮ ಶಾಲೆಯ ಹಿಂದಿನ ಹೊಂಗೆ ಮರದ ಬುಡದಲ್ಲಿ ಮಣ್ಣು ಅಲ್ಲಲ್ಲಿ ನೀಲಿಯಾಗಿತ್ತು. ಬಗ್ಗಿ ನೋಡಿದರೆ ಕಬ್ಬಿಣಾಂಶದ ಮಾತ್ರೆಗಳು. ಕಡ್ಡಿಯಲ್ಲಿ ಕೆದಕಿ ಎಣಿಸಿದೆ, ಮೂವತ್ತು ದಾಟಿತು. ನನ್ನ ರಿಜಿಸ್ಟರಿನಲ್ಲೋ ಆ ತಿಂಗಳು ಒಬ್ಬರೂ ತಪ್ಪದೆ ಎಲ್ಲರೂ ನುಂಗಿದ್ದರು.

ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ವಾರಕ್ಕೊಂದು ಮಾತ್ರೆ ಕೊಡುವ ಕೆಲಸ ಹಾಗಾಗಿಯೇ ನನ್ನ ತಲೆಗೆ ಬಂತು. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ನೂರು ಹುಡುಗರಲ್ಲಿ 31 ಮಂದಿಗೆ. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು ನಾನು. ಎರಡನೇ ಬೆಂಚಿನಲ್ಲಿ ತಲೆ ಹಿಡಿದು ಕೂತವಳನ್ನು "ನಿದ್ದೆ ಬರ್ತಿದೆಯಾ? ಹೋಗಿ ಮುಖ ತೊಳ್ಕೊಂಡ್ ಬಾ" ಎಂದು ಗದರಿದವಳೂ ನಾನೇ.

ಮಕ್ಕಳು ಮಾತ್ರೆ ಎಸೆಯಲು ಶುರುಮಾಡಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷದ ಕಾರ್ತೀಕದಲ್ಲಿ ಒಂದು ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಮಾತ್ರೆ ಹಂಚಿದ್ದೆ. ಬಿಸಿಯೂಟದ ನಂತರ ಕೊಡಬೇಕು ಎಂದು ನನಗೆ ಗೊತ್ತಿತ್ತು. ಆದರೆ ಹಾಜರಿ ಕೂಗುವಾಗಲೇ ಕೊಟ್ಟರೆ ಲೆಕ್ಕ ಸುಲಭ. ಕಾರ್ತೀಕ ಸೋಮವಾರ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಪ್ಪತ್ತು ಎನ್ನುವುದು ತಲೆಗೇ ಹೋಗಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ನಾಲ್ಕು ಹುಡುಗಿಯರು ನಲ್ಲಿಯ ಹತ್ತಿರ ಕೂತು ವಾಂತಿ ಮಾಡುತ್ತಿದ್ದರು. ಮಧ್ಯಾಹ್ನಕ್ಕೆ ಗೇಟಿನ ಮುಂದೆ ಜನ. ಅದು ಮಕ್ಕಳಾಗದ ಹಾಗೆ ಮಾಡುವ ಮಾತ್ರೆಯಂತೆ ಎಂದು ಯಾರೋ ಹೇಳಿದರು, ಸಂಜೆಯೊಳಗೆ ಸುತ್ತಲ ಹಳ್ಳಿಗೆಲ್ಲ ಹಬ್ಬಿತು. ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ, ಹೆದರಬೇಕಾಗಿಲ್ಲ ಎಂಬುದನ್ನೂ ನಾನು ಮೊದಲೇ ಹೇಳಿರಲಿಲ್ಲ. ಪಾಪ, ಕೆಲವರು ಅದನ್ನು ನೋಡಿ ಯಾರಿಗೂ ಹೇಳದೆ ದಿನಗಟ್ಟಲೆ ಹೆದರಿಕೊಂಡೇ ಇದ್ದರಂತೆ.

ಈಗ ಊಟವಾದ ಮೇಲೆ ಎಲ್ಲರ ಎದುರಿಗೆ ಮೊದಲ ಮಾತ್ರೆ ನಾನು ನುಂಗುತ್ತೇನೆ. ಒಪ್ಪತ್ತು ಇರುವವರಿಗೆ ಮಂಗಳವಾರ. ಇಷ್ಟು ಮಾಡಿದ್ದಕ್ಕೇ ಹೊಂಗೆ ಮರದ ಬುಡ ಮುಕ್ಕಾಲು ಪಾಲು ಚೊಕ್ಕವಾಯಿತು.

ಆದರೆ ಆ ಎರಡನೇ ಬೆಂಚಿನ ಹುಡುಗಿ ಹಾಗೇ ಇದ್ದಳು. ಶಾಲೆಗೆ ಬಂದ ಆರೋಗ್ಯ ತಂಡ ರಕ್ತ ಪರೀಕ್ಷಿಸಿದಾಗ ಅವಳ ಹಿಮೋಗ್ಲೋಬಿನ್ 8.6. ಅವಳ ವಯಸ್ಸಿಗೆ 12 ಇರಬೇಕು. ದಿನಕ್ಕೆ ಎರಡು ಮಾತ್ರೆಯಂತೆ ಮೂರು ತಿಂಗಳು ಎಂದು ವೈದ್ಯರು ಬರೆದುಕೊಟ್ಟರು. ನಾನು ಅವಳ ಅಮ್ಮನಿಗೆ ಶಾಲೆಗೆ ಬರಲು ಮೂರು ಸಲ ಹೇಳಿಕಳಿಸಿದೆ. ಬರಲಿಲ್ಲ. "ಮಗಳ ಮೇಲೆ ಕಾಳಜಿ ಇಲ್ಲ" ಎಂದು ಸ್ಟಾಫ್ ರೂಮಿನಲ್ಲಿ ತೀರ್ಪು ಕೊಟ್ಟಿದ್ದೂ ಆಯಿತು.

ಕೊನೆಗೆ ಆಶಾ ಕಾರ್ಯಕರ್ತೆಯ ಜೊತೆ ನಾನೇ ಹೋದೆ. ಆ ತಾಯಿ ಸಿಕ್ಕಿದ್ದು ಮನೆಯಲ್ಲಲ್ಲ, ಅಡಿಕೆ ಸುಲಿಯುವ ಕಡೆ, ಸಂಜೆ ಏಳಕ್ಕೆ. ಬಲ್ಬಿನ ಬೆಳಕಿನಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಆಕೆ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಮಾತಾಡುವಾಗಲೂ ಕೈ ನಿಲ್ಲಲಿಲ್ಲ, ಸುಲಿದಷ್ಟಕ್ಕೇ ಕೂಲಿ. ನಾನು ನನ್ನ ಪಾಠ ಶುರುಮಾಡಿದೆ: ನುಗ್ಗೆಸೊಪ್ಪು, ಹುರುಳಿಕಾಳು, ಮೊಟ್ಟೆ, ಊಟದ ಜೊತೆ ನಿಂಬೆಹಣ್ಣು. ಎಲ್ಲ ಕೇಳಿಸಿಕೊಂಡರು.

"ಸೊಪ್ಪು ನಮ್ಮ ಹಿತ್ತಲಲ್ಲೇ ಬೆಳೀತದೆ ಮೇಡಂ. ಕೂತು ತಿನ್ನೋಕೆ ಹೊತ್ತು ಯಾರು ಕೊಡ್ತಾರೆ?"

ಆಮೇಲೆ ಅವರ ಮನೆಯ ದಿನಚರಿ ಕೇಳಿದೆ. ಅದನ್ನು ಮೊದಲೇ ಕೇಳಬೇಕಿತ್ತು. ಸೀಸನ್ನಿನಲ್ಲಿ ಅಮ್ಮ ನಾಲ್ಕಕ್ಕೆ ಎದ್ದು ಕೆಲಸಕ್ಕೆ ಹೋಗುತ್ತಾರೆ. ನೀರು ತುಂಬಿ, ಅಡುಗೆ ಮಾಡಿ, ಅಪ್ಪನಿಗೂ ಅಣ್ಣನಿಗೂ ಬಡಿಸುವವಳು ಈ ಹುಡುಗಿ. ಏಳೂ ಮುಕ್ಕಾಲಿಗೆ ಬಸ್ಸು. ಅವಳ ಹೊಟ್ಟೆಗೆ ಒಂದು ಲೋಟ ಟೀ. ಮನೆಯಲ್ಲಿ ನುಂಗಬೇಕಾದ ಮಾತ್ರೆಯನ್ನೂ ಆ ಟೀ ಜೊತೆಗೇ ನುಂಗುತ್ತಿದ್ದಳು. ಟೀ ಕುಡಿದರೆ ಮೈ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ ಎನ್ನುವುದು ನನಗೆ ಗೊತ್ತಿದ್ದ ವಿಷಯ. ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ ನನ್ನ ಹತ್ತಿರ ಬರಲೇ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಆಪ್ತಸಮಾಲೋಚಕಿ ನಮ್ಮನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಅರ್ಧ ಗಂಟೆ ಮಾತಾಡಿದರು. ಪ್ರತಿ ತಿಂಗಳೂ ಒಂಬತ್ತು ಹತ್ತು ದಿನ ಮುಟ್ಟು ಹೋಗುತ್ತಿತ್ತಂತೆ. ಎಲ್ಲರಿಗೂ ಹಾಗೇ ಅಂದುಕೊಂಡಿದ್ದಳು. ಅದಕ್ಕೆ ಬೇರೆ ಚಿಕಿತ್ಸೆ ಶುರುವಾಯಿತು. ಸಂತಾನೋತ್ಪತ್ತಿ ಅಧ್ಯಾಯವನ್ನು ಪ್ರತಿ ವರ್ಷ ಪಾಠ ಮಾಡುವ ನಾನು ಅವಳನ್ನು ಒಂದು ದಿನವೂ ಕೇಳಿರಲಿಲ್ಲ.

ಕೇಳದೇ ಇದ್ದದ್ದು ಅವಳನ್ನೊಬ್ಬಳನ್ನೇ ಅಲ್ಲ. ನನ್ನ ಮನೆಯಲ್ಲೇ ಪಿಯುಸಿ ಓದುವ ಮಗ ರಾತ್ರಿ ಒಂದರವರೆಗೆ ಮೊಬೈಲು ಹಿಡಿದು ಬೆಳಿಗ್ಗೆ ತಿಂಡಿ ಬಿಟ್ಟು ಓಡುತ್ತಿದ್ದ. ಬೈದೆ, ಫೋನು ಕಿತ್ತಿಟ್ಟೆ. ನಾನೂ ಪಕ್ಕದ ರೂಮಿನಲ್ಲಿ ಫೋನು ನೋಡುತ್ತಲೇ ಮಲಗುತ್ತಿದ್ದೆ ಎನ್ನುವುದನ್ನು ಅವನೇ ಎತ್ತಾಡಬೇಕಾಯಿತು. ಈಗ ಎರಡು ಫೋನೂ ಹತ್ತಕ್ಕೆ ಹಾಲಿನ ಟೇಬಲ್ಲಿಗೆ. ಕೆಲವು ದಿನ ಮೊದಲು ತಪ್ಪುವವಳು ನಾನೇ.

ಹುಡುಗಿಯ ಮನೆಯಲ್ಲಿ ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಆಶಾ ಕಾರ್ಯಕರ್ತೆ ಅವಳ ಅಪ್ಪನನ್ನು ಹಿಡಿದು, "ಬೆಳಿಗ್ಗೆ ನೀರು ನೀವು ತುಂಬ್ರಣ್ಣ, ಅಷ್ಟು ಸಾಕು" ಎಂದರು. ನನಗೆ ನಂಬಿಕೆ ಇರಲಿಲ್ಲ, ಆದರೆ ಆತ ತುಂಬಿದರು. ಅಣ್ಣ ತಟ್ಟೆ ತಾನೇ ಹಾಕಿಕೊಂಡು ತಿನ್ನಲು ಕಲಿತ, ತಿಂದ ತಟ್ಟೆ ತೊಳೆಯುವುದನ್ನು ಇನ್ನೂ ಕಲಿತಿಲ್ಲ. ಅವಳಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಆ ಇಪ್ಪತ್ತು ನಿಮಿಷದಲ್ಲಿ ಕೂತು ರಾತ್ರಿಯ ಮುದ್ದೆಯೋ ಬಿಸಿ ರೊಟ್ಟಿಯೋ ತಿನ್ನುತ್ತಾಳೆ, ಮಾತ್ರೆ ರಾತ್ರಿ ಊಟದ ನಂತರ ನಿಂಬೆ ನೀರಿನ ಜೊತೆ.

ಮೂರು ತಿಂಗಳಾದ ಮೇಲೆ ಅವಳ ಹಿಮೋಗ್ಲೋಬಿನ್ 11.4ಕ್ಕೆ ಬಂದಿದೆ. ಸ್ನೇಹಾ ಕ್ಲಿನಿಕ್ಕಿಗೆ ಹೋದ ದಿನವೇ ಅಮ್ಮನದನ್ನೂ ಪರೀಕ್ಷಿಸಿದ್ದರು, 8.1 ಇತ್ತು. ಆಕೆ ಮತ್ತೆ ಹೋಗಿಲ್ಲ. ಅಡಿಕೆ ಸೀಸನ್ ಮುಗೀಲಿ ಮೇಡಂ ಅಂದಿದ್ದಾರೆ.