ಸೂಜಿಯಿಲ್ಲದ ಪರೀಕ್ಷೆ

ಮಕ್ಕಳೇ, ಗದ್ವಾಲ ಜಿಲ್ಲೆಯ ಧರೂರು ಸೀಮೆಯಲ್ಲಿ ಹತ್ತಿ ಬೆಳೆಯುತ್ತಾರೆ. ಹತ್ತಿಗೆ ಹೊಡೆಯುವ ಔಷಧಿಯು ಬಟ್ಟೆ, ಚಪ್ಪಲಿಗೆ ಅಂಟಿ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಆಡುವ ಕೂಸು ಅದೇ ಕೈಯನ್ನು ಬಾಯಿಗೆ ಇಡುತ್ತದೆ.

ಇದನ್ನು ಅಳೆಯಲು ಸೂಜಿ ಚುಚ್ಚಲೇಬೇಕೇ? ಬೇಕಿಲ್ಲ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಸಿಲಿಕೋನ್ ಕೈಪಟ್ಟಿಯ ವಿಧಾನವನ್ನು ಪ್ರಕಟಿಸಿದರು. ಮುಂದೆ ಅಲ್ಲಿನ 3ರಿಂದ 5 ವರ್ಷದ ಮಕ್ಕಳು ಅದನ್ನು 7 ದಿನ ತೊಟ್ಟರು. ಸುತ್ತಲಿನ ರಾಸಾಯನಿಕಗಳು ಪಟ್ಟಿಯಲ್ಲಿ ಇಂಗುತ್ತವೆ. ಪ್ರಯೋಗಾಲಯದಲ್ಲಿ ಅವನ್ನು ಹೊರತೆಗೆದು ಅಳೆಯುತ್ತಾರೆ. ಮಗುವಿನ ಸುತ್ತ ಏನಿತ್ತೆಂದು ಪಟ್ಟಿ ತಿಳಿಸುತ್ತದೆ. ಮೈಯೊಳಗೆ ಏನು ಸೇರಿತೆಂದು ಮೂತ್ರ ಪರೀಕ್ಷೆ ತಿಳಿಸುತ್ತದೆ.

ಪರೀಕ್ಷೆಗಿಂತ ಎಚ್ಚರಿಕೆ ಮೇಲು. ಔಷಧಿ ಹೊಡೆದು ಬಂದವರು ಮೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಬೇಕು. ಇದನ್ನು ನಿಮ್ಮ ಮನೆಯಲ್ಲಿ ಹೇಳುವಿರಲ್ಲವೇ?