ಬಿಸ್ಕತ್ತಿನ ಬೋರ್ಡಿಗೆ ಏಳೂವರೆ ಸಾವಿರ

ನಮ್ಮ ಮನೆಯ ಪಡಸಾಲೆ ಗೋಡೆಯಲ್ಲಿ ಹನ್ನೊಂದು ಎನಾಮೆಲ್ ಬೋರ್ಡುಗಳಿವೆ. ಬಿಸ್ಕತ್ತಿನವು, ಪೆಪ್ಪರಮೆಂಟಿನವು, ಚಾಕೊಲೇಟಿನವು. ಎಲ್ಲವೂ ಒಂದು ಕಾಲಕ್ಕೆ ಯಾವುದೋ ಊರಿನ ದಿನಸಿ ಅಂಗಡಿಯ ಬಾಗಿಲ ಪಕ್ಕ ಮಳೆ ಬಿಸಿಲು ಕಂಡವು. ಹದಿನಾಲ್ಕು ವರ್ಷಗಳಲ್ಲಿ ಇವಕ್ಕಾಗಿ ನಾನು ಕೊಟ್ಟದ್ದು 61,400 ರೂಪಾಯಿ. ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟಿದ್ದೇನೆ. ಅದರಲ್ಲಿ 7,500 ರೂಪಾಯಿಯ ಒಂದು ಸಾಲಿನ ಎದುರು ಕೆಂಪು ಗೆರೆ ಇದೆ.

ಆ ಬೋರ್ಡು ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಬ್ರಿಟಾನಿಯಾ ಬಿಸ್ಕತ್ತಿನದು. ‘ಸ್ವಾತಂತ್ರ್ಯಕ್ಕೆ ಮುಂಚಿನದು ಸಾರ್, ಇಂಥದ್ದು ಇನ್ನು ಸಿಗಲ್ಲ’ ಎಂದ ವ್ಯಾಪಾರಿ. ಹನ್ನೆರಡು ಸಾವಿರದಿಂದ ಶುರುವಾದ ಚೌಕಾಸಿ ಏಳೂವರೆಗೆ ಬಂದು ನಿಂತಿತು. ಮನೆಗೆ ತಂದು ಸೋಪಿನ ನೀರಿನಲ್ಲಿ ಒರೆಸಿದಾಗ ಕೆಳಗಿನ ಅಂಚಿನಲ್ಲಿ ಕೊಳೆ ಮುಚ್ಚಿದ್ದ ಸಣ್ಣ ಅಕ್ಷರಗಳು ಎದ್ದು ಬಂದವು: ಬ್ರಿಟಾನಿಯಾ ಇಂಡಸ್ಟ್ರೀಸ್ ಲಿಮಿಟೆಡ್. 1918ರಿಂದ ಆ ಕಂಪನಿಯ ಹೆಸರು ಬ್ರಿಟಾನಿಯಾ ಬಿಸ್ಕೆಟ್ ಕಂಪನಿ ಎಂದಿತ್ತು. ‘ಇಂಡಸ್ಟ್ರೀಸ್’ ಆದದ್ದು 1979ರಲ್ಲಿ. ಬೋರ್ಡು ಅಸಲಿಯೇ, ವಯಸ್ಸು ಮಾತ್ರ ಸುಳ್ಳು. ಮೂವತ್ತಕ್ಕೂ ಹೆಚ್ಚು ವರ್ಷಗಳಿಗೆ ನಾನು ಸುಮ್ಮನೆ ದುಡ್ಡು ತೆತ್ತಿದ್ದೆ.

ಈ ಹವ್ಯಾಸದಲ್ಲಿ ತಗಡಿನ ಬೆಲೆ ಕಿಲೋ ಲೆಕ್ಕದ್ದು, ಉಳಿದದ್ದೆಲ್ಲ ಕಾಲದ ಬೆಲೆ. ಆ ಕಾಲವನ್ನು ಮಾರುವವನ ಬಾಯಿಂದ ಕೇಳಿ ನಂಬುವುದೆಂದರೆ ಪತ್ರ ನೋಡದೆ ಸೈಟು ಕೊಂಡ ಹಾಗೆ. ಓದಲು ಗೊತ್ತಿದ್ದರೆ ಬೋರ್ಡೇ ತನ್ನ ಜಾತಕ ಹೇಳುತ್ತದೆ. ನಾನೀಗ ಮೊದಲು ವಿಳಾಸ ನೋಡುತ್ತೇನೆ. ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ‘ಕರ್ನಾಟಕ ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ನ ನಂತರದ್ದು ಎನ್ನಬಹುದು. ಬೆಲೆ ನಯಾ ಪೈಸೆಯಲ್ಲಿದ್ದರೆ ನನಗೆ ಹಬ್ಬ, ಏಕೆಂದರೆ ಆ ಹೆಸರು ಚಲಾವಣೆಯಲ್ಲಿದ್ದದ್ದು 1957ರ ಏಪ್ರಿಲ್‌ನಿಂದ 1964ರ ಮೇವರೆಗೆ, ಏಳೇ ವರ್ಷ. ಆಣೆಯ ಲೆಕ್ಕ ಅದಕ್ಕೂ ಹಿಂದಿನದು.

ಒಂದು ಎಚ್ಚರಿಕೆ ಬೇಕು. ಪಿನ್‌ಕೋಡ್ ಇಲ್ಲ ಎಂದಮಾತ್ರಕ್ಕೆ ಬೋರ್ಡು 1972ಕ್ಕಿಂತ ಹಿಂದಿನದಾಗುವುದಿಲ್ಲ. ‘ಬೆಂಗಳೂರು-2’ ಎಂದು ಬರೆಯುವ ರೂಢಿ ಆಮೇಲೂ ಎಷ್ಟೋ ವರ್ಷ ಉಳಿದಿತ್ತು. ಇರುವ ಗುರುತನ್ನಷ್ಟೇ ಸಾಕ್ಷಿಯಾಗಿ ಹಿಡಿಯಬೇಕು.

ಇನ್ನು ನಕಲಿ. ಹಳೆಯ ಬೋರ್ಡಿನ ಹೆಸರು, ಬೆಲೆ, ವಿಳಾಸ ಎಲ್ಲವನ್ನೂ ಹಾಗೆಯೇ ಇಳಿಸಿ ಹೊಸದು ಮಾಡುವವರಿದ್ದಾರೆ. ಅಲ್ಲಿ ಓದಿದರೆ ಸಾಲದು, ಮುಟ್ಟಬೇಕು. ಎನಾಮೆಲ್ ಎಂದರೆ ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಕಬ್ಬಿಣದ ತಗಡಿನ ಮೇಲೆ ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಕೂರಿಸುತ್ತಾರೆ, ಒಂದು ಪದರದ ಮೇಲೆ ಇನ್ನೊಂದು ಪದರ. ಅಕ್ಷರದ ಅಂಚಿನ ಮೇಲೆ ಉಗುರು ಆಡಿಸಿದರೆ ಆ ಮೆಟ್ಟಿಲು ಸಿಗುತ್ತದೆ. ಬಿಗಿಯಾಗಿ ಮೊಳೆ ಹೊಡೆದಿದ್ದರೆ ತೂತಿನ ಸುತ್ತ ಗಾಜು ಚಕ್ಕೆ ಎದ್ದಿರುತ್ತದೆ, ಅಲ್ಲಿಂದಲೇ ತುಕ್ಕು ಹಬ್ಬಿ ಕಪ್ಪು ಕಂದಾಗಿರುತ್ತದೆ. ತೂತು ಹೊಚ್ಚ ಹೊಸದು, ತುಕ್ಕು ಮಾತ್ರ ಎಲ್ಲ ಕಡೆ ಒಂದೇ ಸಮನೆ ಕಿತ್ತಳೆ ಬಣ್ಣ ಎಂದಾದರೆ ನಾನು ಬೆಲೆಯನ್ನೂ ಕೇಳುವುದಿಲ್ಲ.

ನನ್ನ ಬಳಿ ಇರುವುದರಲ್ಲಿ ಅತ್ಯಂತ ಪ್ರೀತಿಯದು ತಿಪಟೂರಿನ ಕಡೆಯ ಒಂದು ಹಳ್ಳಿಯಿಂದ ಬಂದ ಪಾರ್ಲೆ ಗ್ಲುಕೋ ಬೋರ್ಡು. ಆ ಬಿಸ್ಕತ್ತು ಪಾರ್ಲೆ-ಜಿ ಆದದ್ದು 1980ರ ದಶಕದಲ್ಲಿ, ಹಾಗಾಗಿ ಬೋರ್ಡು ಅದಕ್ಕಿಂತ ಹಿಂದಿನದೆಂದು ಹೆಸರೇ ಹೇಳುತ್ತಿತ್ತು. ಎಷ್ಟು ಹಿಂದಿನದು? ಅಂಗಡಿಯ ಯಜಮಾನರು ಗೋಡೆ ತೋರಿಸಿದರು. ಅಲ್ಲಿ 1963ರ ಲೈಸೆನ್ಸು ಕಟ್ಟು ಹಾಕಿ ನೇತುಹಾಕಿತ್ತು. ‘ನಮ್ಮಪ್ಪ ಅಂಗಡಿ ತೆಗೆದ ಮುಂದಿನ ವರ್ಷ ಏಜೆಂಟು ಬಂದು ಹೊಡೆದು ಹೋದ ಕಣಪ್ಪ’ ಎಂದರು. ಇಷ್ಟು ನಿಖರವಾದ ತಾರೀಖು ನನ್ನ ಬೇರೆ ಯಾವ ಬೋರ್ಡಿಗೂ ಇಲ್ಲ. ಅವರು ದುಡ್ಡೇ ಬೇಡ ಎಂದರು. ನಾನು ಎರಡು ಸಾವಿರ ಕೈಗಿಟ್ಟು, ಅವರು ಹೇಳಿದ್ದನ್ನು ಬರೆದು ಸಹಿ ಹಾಕಿಸಿಕೊಂಡು ಬೋರ್ಡಿನ ಹಿಂದೆ ಅಂಟಿಸಿದೆ.

‘ಇದು ಒಳ್ಳೆಯ ಹೂಡಿಕೆಯೇ?’ ಎಂದು ಓದುಗರು ಕೇಳುತ್ತಾರೆ. ಅಲ್ಲ. ಮೂರು ವರ್ಷದ ಹಿಂದೆ ಮಗಳ ಕಾಲೇಜು ಫೀಜಿಗೆ ಹಣ ಕಡಿಮೆ ಬಿದ್ದಾಗ ಎರಡು ಬೋರ್ಡು ಮಾರಲು ಹೊರಟೆ. 9,000 ಕೊಟ್ಟು ತಂದವಕ್ಕೆ ವ್ಯಾಪಾರಿ ಹೇಳಿದ್ದು 4,000. ಅವನಿಗೂ ಅಂಗಡಿ ಬಾಡಿಗೆ ಇದೆ, ಗಿರಾಕಿ ಬರುವವರೆಗೆ ಕಾಯಬೇಕು, ತಪ್ಪೇನಿಲ್ಲ. ಚಿನ್ನವನ್ನು ಅಂದೇ ಮಾರಬಹುದು, ಬೋರ್ಡಿಗೆ ಕೊಳ್ಳುವವನನ್ನು ಹುಡುಕಬೇಕು. ಆದ್ದರಿಂದ ಪಿಪಿಎಫ್, ವಿಮೆ, ಮನೆ ಸಾಲದ ಕಂತು ಎಲ್ಲ ಕಳೆದು ಉಳಿದದ್ದರಲ್ಲಿ ವರ್ಷಕ್ಕೆ 5,000 ರೂಪಾಯಿ ಎಂದು ಮಿತಿ ಹಾಕಿಕೊಂಡಿದ್ದೇನೆ. ಅದನ್ನು ಪ್ರವಾಸದ ಖರ್ಚಿನಂತೆ ಖರ್ಚಿನ ಖಾತೆಗೇ ಬರೆಯುತ್ತೇನೆ. ಅಂದು ಆ ಎರಡನ್ನೂ ಮಾರದೆ ವಾಪಸು ತಂದೆ, ಫೀಜಿಗೆ ಆರ್‌ಡಿ ಮುರಿದೆ.

ನಿಮ್ಮ ಊರಿನಲ್ಲಿ ಹಳೆಯ ಅಂಗಡಿಯೊಂದು ಮುಚ್ಚುತ್ತಿದ್ದರೆ, ಅದರ ಬೋರ್ಡನ್ನು ತೂಕಕ್ಕೆ ಹಾಕಬೇಡಿ ಎಂದು ಅವರಿಗೆ ಹೇಳಿ. ಇಟ್ಟುಕೊಳ್ಳಲಿ, ಮಾರಲಿ, ಅದು ಅವರಿಷ್ಟ. ಯಾವ ಊರು, ಯಾರ ಅಂಗಡಿ, ಯಾವ ವರ್ಷ ಎಂದು ಒಂದು ಚೀಟಿ ಬರೆದು ಹಿಂದೆ ಅಂಟಿಸಿಡಲಿ.